ಫ್ರೇಮಿಗೆ ಅಡ್ಡ ಬಂದ ಅಕ್ಕ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದೇ ತಡ, ಸುದ್ದಿವಾಹಿನಿಗಳಿಗೆ ತುರ್ತಾಗಿ ಎರಡು ಪಾತ್ರಗಳು ಬೇಕಾದವು: ರಾತ್ರೋರಾತ್ರಿ ಸಾಹುಕಾರನಾದ ರೈತ ಮತ್ತು ಕಣ್ಣೀರಿಡುವ ಗೃಹಿಣಿ. ಮೊದಲನೆಯದಕ್ಕೆ ಮೀಸೆ ಕಡ್ಡಾಯ, ಎರಡನೆಯದಕ್ಕೆ ಸೆರಗು. ಮೀಸೆ ಗಳಿಸುತ್ತದೆ, ಸೆರಗು ಖರ್ಚು ಮಾಡುತ್ತದೆ.

ನಮ್ಮೂರಿನ ತೋಟಕ್ಕೂ ಒಂದು ಕ್ಯಾಮೆರಾ ದಯಮಾಡಿಸಿತ್ತು. ನಾಟಿ ಮಾಡಿದವರು, ಕಳೆ ಕಿತ್ತವರು, ಗಿಡಕ್ಕೆ ದಾರ ಕಟ್ಟಿದವರು, ಆ ಹೊತ್ತಿನಲ್ಲಿ ಹಣ್ಣು ಬಿಡಿಸುತ್ತಿದ್ದವರು ಬಹುತೇಕ ಹೆಂಗಸರೇ ಆಗಿದ್ದರೂ, ವರದಿಗಾರರು ಇಸ್ತ್ರಿ ಅಂಗಿ ತೊಟ್ಟು ಬಂದ ಯಜಮಾನರನ್ನು ಕ್ರೇಟುಗಳ ಮುಂದೆ ನಿಲ್ಲಿಸಿ, "ಅಕ್ಕಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಿಗೆ ಅಡ್ಡ ಬರ್ತಿದ್ದೀರಿ" ಎಂದು ವಿನಯದಿಂದಲೇ ಹೇಳಿದರು. ಅವರನ್ನಾದರೂ ದೂರುವುದು ಹೇಗೆ? ರೈತ ಎಂದರೆ ಸಾಕು, ಗಂಡಸೆಂದು ತಿಳಿಯುತ್ತದೆ; ಹೆಂಗಸಾದರೆ 'ರೈತ ಮಹಿಳೆ' ಎಂದು ಬಾಲ ಹಚ್ಚಿ ಬಿಡಿಸಿ ಹೇಳಬೇಕು, ಅಷ್ಟು ಉದ್ದದ ಪದಕ್ಕೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಜಾಗವೆಲ್ಲಿದೆ?

ರೈತನ ಭಾಗ ಮುಗಿದ ಮೇಲೆ ಗೃಹಿಣಿಯ ಕೊರತೆ ಕಾಡಿತು. ಪಕ್ಕಕ್ಕೆ ಸರಿಸಿದ್ದ ಅದೇ ಅಕ್ಕನನ್ನು ಕರೆದು, ಕೈ ತೊಳೆದು ಬರುವಂತೆ ಸೂಚಿಸಲಾಯಿತು. ಜಾಹೀರಾತಿನ ಹೆಂಗಸಿಗೆ ಗಂಡನ ಅಂಗಿಯ ಕಾಲರಿನ ಕೊಳೆಯೇ ಜನ್ಮದ ಸಂಕಟ. ಆದರೆ ಟೊಮೆಟೊ ಗಿಡದಿಂದ ಅಂಗೈಗೆ ಹತ್ತುವ ಹಸಿರುಗಪ್ಪು ಕರೆ ಸೋಪಿಗೆ ಜಗ್ಗುವುದಿಲ್ಲ, ಟೊಮೆಟೊ ಹಣ್ಣನ್ನೇ ಹಿಂಡಿ ಉಜ್ಜಬೇಕು. (ಆ ದಿನಗಳ ಬೆಲೆಯಲ್ಲಿ ಅದು ರಾಜವೈಭೋಗ.) ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ಆಕೆಗೆ, "ಬೆಲೆ ಕೇಳಿದರೆ ಕಣ್ಣಲ್ಲಿ ನೀರು ಬರುತ್ತಾ?" ಎಂಬ ಪ್ರಶ್ನೆ ಬಂತು. "ನಾನ್ಯಾಕಪ್ಪ ಕೊಂಡ್ಕೊಳ್ಳಲಿ, ಬೆಳೆಯೋಳೇ ನಾನು" ಎಂದದ್ದು ಪ್ರಸಾರವಾಗಲಿಲ್ಲ. ಬಿಸಿಲಿಗೆ ಕಣ್ಣು ಕಿರಿದಾಗಿಸಿದ್ದು ಮಾತ್ರ ಶೋಕಸಂಗೀತದೊಡನೆ ಮೂರು ಸಲ ಬಂತು.

ಒಂದೇ ಕೆಲಸಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿದೆ. ಆದರೆ ಕಾನೂನಿಗೆ ಹಿನ್ನೆಲೆ ಸಂಗೀತವಿಲ್ಲ, ಟಿವಿಗೆ ಇದೆ. ದುಡಿಯುವವನು ಅವನು, ಇವಳದು ಏನಿದ್ದರೂ 'ಕೈಸಹಾಯ' ಎಂದು ದಿನವೂ ನೋಡಿ ಬೆಳೆದ ಕಣ್ಣಿಗೆ ಕೂಲಿ ಎಣಿಸುವಾಗಲೂ ಅದೇ ಕಾಣುತ್ತದೆ.

ಶನಿವಾರ ಬಟವಾಡೆಗೆ ಕೈಯೊಡ್ಡಿದಾಗ ಯಜಮಾನರು, "ಟಿವಿಯಲ್ಲೆಲ್ಲ ಬಂದೆಯಲ್ಲಮ್ಮ, ಇನ್ನೇನು ಬೇಕು?" ಎಂದು ನಕ್ಕು, ಗಂಡಾಳುಗಳಿಗೆ ಕೊಟ್ಟದ್ದಕ್ಕಿಂತ ಎರಡು ನೋಟು ಕಡಿಮೆ ಎಣಿಸಿಕೊಟ್ಟರು.