ಪಗಾರ ಆಗಿಲ್ವಾ? ಓನರ್ ಮನೆ ಹಂಚಿನ ಮಾಡು ಹತ್ತಿ

ಈ ತಿಂಗಳೂ ಅದೇ ಕಥೆ. ತಾರೀಖು ಒಂಬತ್ತಾಯ್ತು, ಹತ್ತಾಯ್ತು, ಮೊಬೈಲಿಗೆ ಬರೋ ಮೆಸೇಜೆಲ್ಲ ಲೋನ್ ಬೇಕಾ ಅಂತ ಕೇಳೋದೇ ಹೊರತು ಪಗಾರ ಜಮಾ ಆಯ್ತು ಅನ್ನೋದೊಂದು ಬರ್ಲಿಲ್ಲ. ಕಾರಣ ನಿಮ್ಗೆಲ್ಲ ಬಾಯಿಪಾಠ ಇದೆ, ನಾನು ಮತ್ತೆ ಎಂತ ಹೇಳೋದು. ಅನುದಾನ ಬಂದಿಲ್ಲ, ಅನುದಾನ ಬಂದ್ರೆ ಬಿಲ್ ಆಗಿಲ್ಲ, ಬಿಲ್ ಆದ್ರೆ ಪಗಾರ ಬಟವಾಡೆಗೆ ಸಹಿ ಹಾಕೋ ಡಿಡಿಓ ಸಾಹೇಬ್ರು ರಜೆ, ಸಾಹೇಬ್ರು ಬಂದ್ರೆ ಸರ್ವರ್ ರಜೆ.

ಅದಕ್ಕೆ ಸಿಟ್ಟಿಲ್ಲ ಮಾರಾಯ್ರೆ, ರೂಢಿ ಆಗಿದೆ. ತಲೆ ಕೆಟ್ಟಿದ್ದು ನಮ್ಮನೆಯವಳ ಆಫೀಸ್ ಗ್ರೂಪಲ್ಲಿ ಯಾರೋ ಪುಣ್ಯಾತ್ಮರು ಹಾಕಿದ ಮೆಸೇಜ್ ನೋಡಿ. ‘ವೇತನ ವಿಳಂಬವಾದಾಗ ಮನೆ ಖರ್ಚು ನಿಭಾಯಿಸುವುದು ಹೇಗೆ’ ಅಂತ ತಲೆಬರಹ, ಪಕ್ಕದಲ್ಲಿ ಕೈಮುಗಿದ ಚಿತ್ರ ಬೇರೆ. ಅನಗತ್ಯ ಖರ್ಚು ನಿಲ್ಲಿಸಿ, ಹೊರಗಿನ ಊಟ ಬಿಡಿ, ಆರು ತಿಂಗಳಿಗೆ ಸಾಲುವಷ್ಟು ತುರ್ತು ನಿಧಿ ತೆಗೆದಿಡಿ. ಆರು ತಿಂಗಳಿಂದು! ಅಷ್ಟು ತೆಗೆದಿಡೋ ಯೋಗ ಇದ್ದಿದ್ರೆ ಈ ನೌಕರಿಗೆ ಯಾಕೆ ಸಾಯ್ತಿದ್ರು, ನಮ್ಮ ಕಾರವಾರದ ಕೋಡಿಬಾಗದಲ್ಲಿ ಒಂದು ಹೋಂಸ್ಟೇ ಕಟ್ಕೊಂಡು ಗೋವಾ ನಂಬರಿನ ಕಾರು ಕಾಯ್ತಾ ಕೂತಿರ್ತಿದ್ರು.

ಕೊಡಬೇಕಾದ ದುಡ್ಡು ಕೊಡದೆ ಬುದ್ಧಿ ಹೇಳೋ ಈ ಕಲೆಯಲ್ಲಿ ನಾವಿನ್ನೂ ಅಂಗನವಾಡಿ, ಡಿಗ್ರಿ ಮುಗಿಸಿದ್ದು ಅಮೆರಿಕ. ಅಲ್ಲಿ ಬಜೆಟ್ ಪಾಸಾಗ್ಲಿಲ್ಲ ಅಂದ್ರೆ ಶಟ್‌ಡೌನ್ ಅಂತ ಸರ್ಕಾರಕ್ಕೇ ಬೀಗ. 2018ರ ಡಿಸೆಂಬರ್ 22ಕ್ಕೆ ಕೆಲವು ಇಲಾಖೆಗಳಿಗೆ ಹಾಕಿದ ಬೀಗ 35 ದಿನ ಇತ್ತು, 2025ರ ಅಕ್ಟೋಬರ್ 1ಕ್ಕೆ ಹಾಕಿದ್ದು 43 ದಿನ ಎಳೆದು ಹಳೇ ದಾಖಲೆ ಮುರೀತು. 2018ರ ಸಲ ಏನಾಯ್ತು ಅಂದ್ರೆ, ಅಲ್ಲಿನ ನೌಕರರ ವ್ಯವಹಾರ ನೋಡ್ಕೊಳ್ಳೋ ಕಚೇರಿ, ನಮ್ಮ ರಾಜ್ಯದ ಸಿಬ್ಬಂದಿ ಇಲಾಖೆ ಡಿಪಿಎಆರ್ ಇದ್ದ ಹಾಗೆ ಅನ್ಕೊಳ್ಳಿ, ಸಾಲ ಕೊಟ್ಟವರಿಗೆ ಮತ್ತೆ ಮನೆ ಓನರಿಗೆ ಪತ್ರ ಹೆಂಗೆ ಬರೀಬೇಕು ಅಂತ ನಮೂನೆ ಹಾಕ್ತು. ಓನರ್ ಪತ್ರದಲ್ಲಿ ಬಾಡಿಗೆ ಸ್ವಲ್ಪ ಮುರ್ಕೊಳ್ಳಿ, ಬದ್ಲಿಗೆ ಪೇಂಟಿಂಗು, ಬಡಗಿ ಕೆಲಸ ಮಾಡ್ಕೊಡ್ತೇನೆ ಅಂತ ಒಂದು ಸಾಲು. ಜನ ಉಗಿದ್ಮೇಲೆ ಅದು 2013ರ ಹಳೇ ಪತ್ರ, ಕೈತಪ್ಪಿ ಹಾಕಿದ್ದು ಅಂದ್ರು. ಕಾನೂನು ಸಲಹೆ ಬೇಕಾದ್ರೆ ನಿಮ್ಮ ಸ್ವಂತ ವಕೀಲರನ್ನ ಕೇಳಿ ಅಂತಲೂ ಹೇಳಿದ್ರು. ಪಗಾರ ಇಲ್ದವ್ನಿಗೆ ಸ್ವಂತ ವಕೀಲ, ಆಹಾ.

ನಂಗೆ ಮಾತ್ರ ಆ ಪತ್ರ ಭಾರಿ ಇಷ್ಟ ಆಯ್ತು. ಕೂತು ಕಾರವಾರಕ್ಕೆ ಒಗ್ಗಿಸಿ ಬರೆದೆ. ‘ಮಾನ್ಯ ಮನೆ ಮಾಲೀಕರಲ್ಲಿ ವಿನಂತಿ. ನಾನು ದ್ವಿತೀಯ ದರ್ಜೆ ಸಹಾಯಕನಾಗಿದ್ದು, ಸದರಿ ತಿಂಗಳ ವೇತನ ಬಟವಾಡೆಯಾಗದ ಪ್ರಯುಕ್ತ ಬಾಡಿಗೆಯ ಬಾಬ್ತು ತಮ್ಮ ಹಂಚಿನ ಮಾಡನ್ನು ಮಳೆಗಾಲಕ್ಕೆ ಪೂರ್ವದಲ್ಲಿ ಕೈಯಾಡಿಸಿ ಕೊಡಲು ಸಿದ್ಧನಿರುತ್ತೇನೆ. ತೆಂಗಿನಕಾಯಿ ಕೊಯ್ಲಿನ ದರ ಪ್ರತ್ಯೇಕ.’ ಇದನ್ನ ನಮ್ಮ ಓಣಿಯ ಓನರ್ ಮಾಮನಿಗೆ ಓದಿ ಹೇಳ್ದೆ. ಅವ್ರು ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ ಸ್ವಲ್ಪ ಹೊತ್ತು ಯೋಚ್ನೆ ಮಾಡಿ, “ಬ್ಯಾಡ ತಮ್ಮಾ” ಅಂದ್ರು, “ನಿಮ್ಮ ಆಫೀಸ್ನವ್ರು ಮಾಡು ಹತ್ತಿ ಅರ್ಧ ಹಂಚು ತೆಗ್ದು ಕೆಳಗಿಡ್ತಾರೆ, ಉಳಿದರ್ಧಕ್ಕೆ ಮೇಲಿಂದ ಮಂಜೂರಿ ಬರ್ಬೇಕು ಅಂತಾರೆ, ಅಷ್ಟೊತ್ತಿಗೆ ಜೂನ್ ಬಂತು.” ತೆಂಗಿನಮರದ ಕಥೆ ಕೇಳ್ಲೇಬೇಡಿ. ಮರ ಹತ್ತೋನು ಇಳಿದ ಕೂಡ್ಲೆ ಕೈಯೊಡ್ಡಿ ನಗದು ಎಣಿಸ್ಕೊಂಡು ಮುಂದಿನ ಮನೆಗೆ ಹೋಗ್ತಾನೆ, ಅವ್ನಿಗೆ ಡಿಡಿಓನೂ ಇಲ್ಲ ಹಾಜರಿ ಪುಸ್ತಕನೂ ಇಲ್ಲ, ಎಸ್‌ಎಸ್‌ಎಲ್‌ಸಿ ಆದ್ಮೇಲೆ ಮಕ್ಕಳಿಗೆ ಯಾವ ಕೋರ್ಸ್ ಅಂತ ತಲೆಬಿಸಿ ಮಾಡ್ಕೊಳ್ಳೋರು ಇದನ್ನೂ ಸ್ವಲ್ಪ ಯೋಚ್ನೆ ಮಾಡ್ಬಹುದು.

ಅದೇ ಶಟ್‌ಡೌನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ನವ್ರಿಗೆ 2019ರ ಜನವರಿ 15ರ ಪಗಾರ ತಪ್ತು. ಸೈನ್ಯ, ನೌಕಾಪಡೆಯ ಬಜೆಟ್ ಮೊದ್ಲೇ ಪಾಸಾಗಿತ್ತು, ಕೋಸ್ಟ್ ಗಾರ್ಡ್ ಬೇರೆ ಇಲಾಖೆ ಕೆಳಗೆ, ಹಾಗಾಗಿ ಒಂದೇ ಸಮುದ್ರದಲ್ಲಿ ಒಬ್ಬನ ಅಕೌಂಟಿಗೆ ದುಡ್ಡು, ಇನ್ನೊಬ್ಬನಿಗೆ ಸಲಹೆ. ಸಲಹೆ ಎಂಥದ್ದು? ಮನೇಲಿರೋ ಹಳೇ ಸಾಮಾನು ಮಾರಿ, ಬೇರೆಯವ್ರ ಮಕ್ಕಳನ್ನ ನೋಡ್ಕೊಳ್ಳಿ, ಬೇರೆಯವ್ರ ನಾಯಿನ ವಾಕಿಂಗ್ ಕರ್ಕೊಂಡು ಹೋಗಿ, ದಿವಾಳಿ ಅರ್ಜಿ ಹಾಕೋದು ಕಟ್ಟಕಡೆಯ ದಾರಿ. ಪೇಪರಿನವ್ರು ಕೇಳಿದ ಮೇಲೆ ಆ ಚೀಟಿ ತೆಗೆದ್ರು. ಇಲ್ಲಿ ನಾಯಿ ಕೆಲ್ಸ ನಡೆಯೋದಿಲ್ಲ ಬಿಡಿ, ಟ್ಯಾಗೋರ್ ಬೀಚಿಗೆ ಬೆಳಿಗ್ಗೆ ಹೋಗೋರಿಗೆ ಗೊತ್ತು, ನಮ್ಮೂರಲ್ಲಿ ನಾಯಿಗಳೇ ಜನರನ್ನ ವಾಕಿಂಗ್ ಕರ್ಕೊಂಡು ಹೋಗ್ತವೆ. ಆಮೇಲೆ ವಿಲ್ಬರ್ ರಾಸ್ ಅಂತ ಅಲ್ಲಿನ ಆಗಿನ ವಾಣಿಜ್ಯ ಮಂತ್ರಿ, ಭಾರಿ ಕುಳ, ಈ ನೌಕರರೆಲ್ಲ ಪುಕ್ಕಟೆ ಊಟದ ಸಾಮಾನಿಗೆ ಯಾಕೆ ಹೋಗ್ತಾರೋ ಅರ್ಥ ಆಗ್ತಿಲ್ಲ, ಸಾಲ ತಗೊಳ್ಬಹುದಲ್ಲ ಅನ್ನೋ ಅರ್ಥದಲ್ಲಿ ಟೀವಿಲಿ ಮಾತಾಡಿದ್ರು. ಶಟ್‌ಡೌನ್ ಇದ್ರೂ ಅಲ್ಲಿನ ಸಂಸದರ ಸಂಬಳ ನಿಲ್ಲೋದಿಲ್ಲ, ಅದೂ ನಿಮ್ಗೆ ಗೊತ್ತಿರ್ಲಿ. ನಗ್ಬೇಡಿ, ನಮ್ಮ ವಿಧಾನಸಭೆಲಿ 2025ರ ಮಾರ್ಚಲ್ಲಿ ಅಷ್ಟೊಂದು ಗಲಾಟೆ ನಡೀತಿದ್ರೂ ಶಾಸಕರ ಸಂಬಳ 40,000ದಿಂದ 80,000 ಮಾಡೋ ಮಸೂದೆ ಚರ್ಚೆ ಗಿರ್ಚೆ ಇಲ್ದೆ ಪಾಸಾಯ್ತು. ಆ ದಿನ ಸರ್ವರ್ ಡೌನ್ ಆದ ಬಗ್ಗೆ ಸುದ್ದಿ ಇಲ್ಲ.

ನಿಜ ಹೇಳ್ಬೇಕಂದ್ರೆ ದುಡಿಮೆ ನಿಲ್ಲೋದು ಕರಾವಳಿಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31, ಪೂರ್ತಿ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಬೈತಖೋಲ ಬಂದರಲ್ಲೇ ಕಟ್ಟಿರ್ತವೆ. ಕಷ್ಟ ಇದೆ, ಇಲ್ಲ ಅಂತಲ್ಲ, ಆದ್ರೆ ತಾರೀಖು ಗೊತ್ತಿದೆ. ಮೇ ತಿಂಗಳಲ್ಲೇ ಬಂಗಡೆ, ಶೆಟ್ಲಿ ಒಣಗಿಸಿ ಡಬ್ಬಿ ತುಂಬ್ತಾರೆ. ಸಮುದ್ರಕ್ಕಿರೋ ಈ ಶಿಸ್ತು ಖಜಾನೆಗಿಲ್ಲ, ಪಗಾರ ಯಾವಾಗ ನಿಲ್ತದೆ, ಯಾವಾಗ ಬರ್ತದೆ ಅಂತ ಹೇಳೋರೇ ಇಲ್ಲ, ಎಂತ ಒಣಗಿಸಿ ಇಟ್ಕೊಳ್ಳೋದು?

ಹಾಗಾಗಿ ಎಲ್ಲಾ ಭಾರ ಕಿರಾಣಿ ಅಂಗಡಿ ಮೇಲೆ. ನಮ್ಮ ಅಂಗಡಿ ಮಾಮನ ಹತ್ರ ಕೆಂಪು ರಟ್ಟಿನ ಉದ್ದ ಪುಸ್ತಕ ಇದೆ, ಸುತ್ಲಿ ಕಟ್ಟಿದ ಬಾಲ್‌ಪೆನ್ನು, ಅಂಚೆಲ್ಲ ಕೊಬ್ಬರಿ ಎಣ್ಣೆ ಕೈಯಾಗಿ ಕಪ್ಪು. ಅದ್ರಲ್ಲಿ ಯಾರ ಹೆಸ್ರೂ ಇಲ್ಲ, ಇಲಾಖೆಗಳಿವೆ. ತಾಲೂಕ್ ಆಫೀಸ್, ಆಸ್ಪತ್ರೆ ಅಕ್ಕ, ಹೈಸ್ಕೂಲ್ ಮಾಸ್ತರ್, ಪಿಡಬ್ಲ್ಯೂಡಿ ಗಿಡ್ಡ. ಗೋಡೆ ಮೇಲೆ ‘ಇಂದು ನಗದು ನಾಳೆ ಉದ್ರಿ’ ಬೋರ್ಡು, ಅದರ ಕೆಳಗೇ ನಿಂತು ಉದ್ರಿ ಬರ್ಕೊಳ್ತಾರೆ. ಸರ್ಕಾರ ಖಜಾನೆ-2 ಅಂತ ಸಾಫ್ಟ್‌ವೇರ್ ಮಾಡಿದೆ, ಇದು ಖಜಾನೆ-3, ಪಾಸ್‌ವರ್ಡ್ ಮರೆಯೋದಿಲ್ಲ. “ಪಗಾರ ಆತಾ ಮಾಸ್ತರ್ರೆ?” ಅಂತ ಮಾತ್ರ ದಿನಾ ಕೇಳ್ತಾರೆ, ಅದೂ ಅಂಗಡಿ ತುಂಬ ಗಿರಾಕಿ ಇದ್ದಾಗ್ಲೇ.

ಮಾಮ ಕಾಯ್ತಾರೆ, ಬ್ಯಾಂಕ್ ಕಾಯೋದಿಲ್ಲ. ಐದನೇ ತಾರೀಖಿಗೆ ಇಎಂಐ ಕತ್ತರಿ ಬಾಯಿ ತೆಗೆದು ನೋಡ್ತದೆ, ಅಕೌಂಟ್ ಖಾಲಿ, ಬೌನ್ಸ್ ಚಾರ್ಜು, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಇದನ್ನ ನಿಧಾನಕ್ಕೆ ಇನ್ನೊಂದ್ಸಲ ಓದಿ. ಪಗಾರ ಕೊಡ್ದೇ ಇದ್ದದ್ದು ಸರ್ಕಾರ, ಅದ್ರಿಂದ ಬಿದ್ದ ದಂಡದ ಮೇಲೆ ತೆರಿಗೆ ತಗೊಳ್ಳೋದೂ ಸರ್ಕಾರ, 9 ಕೇಂದ್ರಕ್ಕೆ, 9 ರಾಜ್ಯಕ್ಕೆ. ಇಂಥ ಬುದ್ಧಿ ನಮ್ಮ ಪಿಗ್ಮಿ ಕಲೆಕ್ಟ್ ಮಾಡೋ ಹುಡ್ಗನಿಗೆ ಬಂದಿದ್ರೆ ಇವತ್ತು ಅವ್ನೇ ಒಂದು ಬ್ಯಾಂಕ್ ಇಟ್ಟಿರ್ತಿದ್ದ. ಕರೆಂಟು ಪುಕ್ಕಟೆ ಇದ್ಯಲ್ಲ ಅಂತೀರಿ, ಹೌದು, ಗೃಹಜ್ಯೋತಿ ಇದೆ, ಆದ್ರೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಮ್ದೇ, ಮೇ ತಿಂಗಳ ಕಾರವಾರದ ಸೆಕೆಲಿ ಫ್ಯಾನ್ ಆಫ್ ಮಾಡಿ ಕೂತ್ಕೊಳ್ಳೋಕೆ ಸಲಹೆ ಕೊಟ್ಟವ್ರನ್ನೇ ಕರೀಬೇಕು.

ಇನ್ನು ಮನೆ ತೆರಿಗೆ. ಏಪ್ರಿಲಲ್ಲಿ ಕಟ್ಟಿದ್ರೆ ನೂರಕ್ಕೆ 5 ರಿಯಾಯಿತಿ, ಜೂನ್ ದಾಟಿದ್ರೆ ತಿಂಗಳಿಗೆ ನೂರಕ್ಕೆ 2 ದಂಡ. ನಾವು ಲೇಟಾದ್ರೆ ದಂಡ, ಅವ್ರು ಲೇಟಾದ್ರೆ ‘ಸಹಕರಿಸಿ’.

ಪರ್ಮನೆಂಟ್ ಆದವ್ರು ಹತ್ತು ದಿನಕ್ಕೆ ಇಷ್ಟು ಕೂಗ್ತೀವಿ. ಅದೇ ಆಫೀಸಲ್ಲಿ ಕಸ ಹೊಡೆದು ಚಾ ತರೋ ಹೊರಗುತ್ತಿಗೆ ಹೆಂಗಸು ಇದ್ದಾಳಲ್ಲ, ಅವ್ಳದ್ದು ತಿಂಗಳುಗಟ್ಲೆ ಆಗಿಲ್ಲ. ಕೇಳಿದ್ರೆ ಏಜೆನ್ಸಿಯವ್ನು ಸರ್ಕಾರ ಕೊಟ್ಟಿಲ್ಲ ಅಂತಾನೆ, ಸರ್ಕಾರದವ್ರು ಏಜೆನ್ಸಿ ಕೇಳಿ ಅಂತಾರೆ, ಅವ್ಳು ದಿನಾ ಬಸ್ ಹಿಡಿದು ಬರ್ತಾಳೆ, ಬರದಿದ್ರೆ ಇನ್ನೊಬ್ಳನ್ನ ಹಾಕ್ತಾರೆ. ಅತಿಥಿ ಶಿಕ್ಷಕರದ್ದೂ ಇದೇ ಹಾಡು. ಅವ್ಳ ಮನೆಗೆ ಯಾವ ಬ್ಯಾಂಕೂ ಸಾಲ ಕೊಡೋದಿಲ್ಲ, ಅಂಗಡಿ ಪುಸ್ತಕದಲ್ಲಿ ಅವ್ಳಿಗೆ ಪುಟ ಇಲ್ಲ, ಯಾಕಂದ್ರೆ ಅವ್ಳು ಯಾವ ಇಲಾಖೆ ಅಂತ ಇಲಾಖೆಗೇ ಗೊತ್ತಿಲ್ಲ. ಇವ್ಳಿಗೆ ತುರ್ತು ನಿಧಿ ಪಾಠ ಹೇಳೋಕೆ ಯಾರಾದ್ರೂ ಬಂದ್ರೆ ಹೇಳಿ, ನಾನೂ ಬರ್ತೇನೆ, ನಗೋದಕ್ಕಲ್ಲ.

ಮನೆ ತೆರಿಗೆ ಲೆಕ್ಕದಲ್ಲೇ ಪಗಾರಕ್ಕೂ ತಿಂಗಳಿಗೆ ನೂರಕ್ಕೆ 2 ಸೇರಿಸಿ ಕೊಟ್ರೆ ಹೇಗೆ ಅಂತ ಲೆಕ್ಕಪತ್ರ ವಿಭಾಗದಲ್ಲಿ ಮೊನ್ನೆ ರಿಟೈರ್ ಆದ ಭಾವನ ಹತ್ರ ಕೇಳ್ದೆ. ಭಾವ ಕನ್ನಡಕ ತೆಗ್ದು ಒರೆಸ್ಕೊಂಡು, ಕೊಡಬಾರ್ದು ಅಂತೇನಿಲ್ಲ, ಆದ್ರೆ ಅದಕ್ಕೆ ಲೆಕ್ಕ ಶೀರ್ಷಿಕೆ ಇಲ್ಲ ಅಂದ್ರು. ಹೊಸ ಶೀರ್ಷಿಕೆ ತೆಗೀರಿ ಅಂದೆ. ತೆಗೀಬಹುದು, ಆರ್ಥಿಕ ಇಲಾಖೆಗೆ ಪ್ರಸ್ತಾವನೆ ಹೋಗ್ಬೇಕು, ಅದನ್ನ ಟೈಪ್ ಮಾಡೋ ಹುಡ್ಗಿ ಹೊರಗುತ್ತಿಗೆ, ಪಗಾರ ಆಗ್ದೆ ಕೆಲ್ಸ ಬಿಟ್ಟು ಹೋಗಿದ್ದಾಳೆ ಅಂದ್ರು.