ಗೂಟ ಹೊಡೆಯುವ ಮುಂಚೆ ಒಂದು ಮಳೆಗಾಲ

ಗುಡ್ಡದಲ್ಲಿ ಮನೆ ಕಟ್ಟಬೇಕು ಅಂದ ತಕ್ಷಣ ನಮ್ಮ ಕಡೆ ಮೊದಲು ಬರುವುದು ಹಿಟಾಚಿ. ನಕ್ಷೆ ಮುಗಿಯುವ ಮುಂಚೆಯೇ ಅದು ಧರೆ ಕಡಿದು ಜಾಗ ಮಟ್ಟ ಮಾಡಿ ಹೋಗಿರುತ್ತದೆ. ಆಮೇಲೆ ಆ ಮಟ್ಟದ ಮೇಲೆ, ಬಯಲು ಸೀಮೆಯ ಸೈಟಿನಲ್ಲಿ ಕಟ್ಟುವಂಥದ್ದೇ ಮನೆ ಏಳುತ್ತದೆ. ಗೋಡೆಗೆ ಹಸಿರು ಬಣ್ಣ ಹೊಡೆದು ಸುತ್ತ ಗಿಡ ಇಟ್ಟ ಮಾತ್ರಕ್ಕೆ ಅದು ಗುಡ್ಡಕ್ಕೆ ಹೊಂದಿದ ಮನೆ ಅಂತ ನಾನು ಒಪ್ಪುವುದಿಲ್ಲ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ.

ಕೊಪ್ಪದ ಹತ್ತಿರ ನಮ್ಮದೊಂದು ಜಾಗ ಇದೆ. 10 ಅಡಿ ಮುಂದೆ ಹೋದರೆ 3 ಅಡಿ ಇಳಿಯುವಂಥ ಇಳಿಜಾರು. ಮೊದಲು ತೋರಿಸಿದ ಎಂಜಿನಿಯರು ಹಾಕಿಕೊಟ್ಟ ನಕ್ಷೆಯಲ್ಲಿ ಹಿಂದೆ 11 ಅಡಿ ಎತ್ತರದ ಧರೆ, ಮುಂದೆ 9 ಅಡಿ ತುಂಬಿದ ಮಣ್ಣು. ಮನೆಗೂ ಕಾರಿಗೂ ಸೇರಿಸಿ ಒಂದೇ ದೊಡ್ಡ ಮಟ್ಟ. ನಮಗೂ ಚೆಂದ ಕಂಡಿತ್ತು. ನಮ್ಮ ನೆಂಟರೊಬ್ಬರ ಮನೆಗೆ ಹೋಗದೇ ಇದ್ದಿದ್ದರೆ ಅದನ್ನೇ ಕಟ್ಟುತ್ತಿದ್ದೆವು. ಅವರ ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲಿತ್ತು, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ. ಮೂರನೇ ಮಳೆಗಾಲಕ್ಕೆ ಎರಡೂ ಸೇರುವ ಗೆರೆಯಲ್ಲೇ ನೆಲ ಬಿರಿದಿತ್ತು. ಬೆರಳು ಹೋಗುವಷ್ಟು ಬಿರುಕು.

ಅಪ್ಪಯ್ಯ ಹೇಳಿದ್ದು ಒಂದೇ ಮಾತು. "ಈ ವರ್ಷ ಏನೂ ಮಾಡುವುದು ಬೇಡ. ಆಶ್ಲೇಷ ಮಳೆಯಲ್ಲಿ ಜಾಗ ನೋಡೋಣ."

ನೋಡಿದೆವು. ಕೊಡೆ ಹಿಡಿದು ವಾರಕ್ಕೆರಡು ಸಲ ಗುಡ್ಡ ಹತ್ತಿ ಇಳಿದೆವು. ಬೇಸಿಗೆಯಲ್ಲಿ ಒಣಗಿ ನಿಂತಿದ್ದ ಹಲಸಿನ ಮರದ ಬುಡದಲ್ಲಿ ಜಲ ಎದ್ದಿತ್ತು. ಕೈಬೆರಳಿನಷ್ಟು ದಪ್ಪದ ನೀರು, ತಣ್ಣಗೆ, ನಿಲ್ಲದೆ. ಅದು ಹರಿದು ಹೋಗುತ್ತಿದ್ದ ದಾರಿ ಮೊದಲಿನ ನಕ್ಷೆಯಲ್ಲಿ ನಮ್ಮ ಮಲಗುವ ಕೋಣೆಯ ನಡುವೆ ಇತ್ತು!

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದದ್ದನ್ನು ಯಾರೂ ಮರೆತಿಲ್ಲ. 2024ರ ಜುಲೈ 16ಕ್ಕೆ ಅಂಕೋಲದ ಶಿರೂರು. ಅದೇ ಜುಲೈ 30ಕ್ಕೆ ವಯನಾಡು. ಎಲ್ಲವೂ ಮನೆಗೋಸ್ಕರ ಧರೆ ಕಡಿದದ್ದರಿಂದ ಆದದ್ದಲ್ಲ, ವಯನಾಡಿನ ಜರಿತ ಶುರುವಾದದ್ದು ಮೇಲಿನ ಕಾಡಿನಲ್ಲಿ. ಆದರೆ ನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆ ಬುಡದಲ್ಲಿ ಆಸರೆಯಾಗಿದ್ದ ಮಣ್ಣನ್ನು ನಾವೇ ತೆಗೆದರೆ ಮೇಲಿನದು ಯಾವುದರ ಮೇಲೆ ನಿಲ್ಲಬೇಕು? ಕಾಂಕ್ರೀಟ್ ಗೋಡೆ ಕಟ್ಟಿದರೆ ಆಯ್ತು ಅನ್ನುವವರಿದ್ದಾರೆ. ನೀರು ಬಸಿಯಲು ತೂತು ಬಿಡದ ಗೋಡೆಯ ಹಿಂದೆ ನೀರು ತುಂಬಿಕೊಂಡು ಗೋಡೆಯನ್ನೇ ತಳ್ಳುತ್ತದೆ.

ಮಳೆ ಬಿಟ್ಟ ಮೇಲೆ ಮೇಸ್ತ್ರಿ ನೀರಿನ ಟ್ಯೂಬು ಹಿಡಿದು ಒಂದೇ ಮಟ್ಟದ ಜಾಗಗಳಿಗೆಲ್ಲ ಗೂಟ ಹೊಡೆದರು. ಗೂಟಗಳನ್ನು ಸೇರಿಸಿ ಸುಣ್ಣದ ಗೆರೆ ಎಳೆದಾಗ ಗುಡ್ಡದ ಮೈ ಮೊದಲ ಸಲ ಕಂಡಿತು. ಆ ಗೆರೆಗಳ ಉದ್ದಕ್ಕೇ ಮನೆ ಮಲಗಿತು. ಇಳಿಜಾರಿನಲ್ಲಿ ಮನೆಯನ್ನು ಈ ಗೆರೆಯ ಉದ್ದಕ್ಕೇ ಇಟ್ಟರೆ ಅಗೆಯುವುದೂ ತುಂಬುವುದೂ ಕಡಿಮೆ ಅಂತ ವಾಸ್ತುಶಿಲ್ಪಿ ಲಾರಿ ಬೇಕರ್ ಎಷ್ಟೋ ವರ್ಷ ಹಿಂದೆ ಚಿತ್ರ ಬರೆದು ತೋರಿಸಿದ್ದರು. ಅವರು ಕೇರಳಕ್ಕೆ ಬರುವ ಮುಂಚೆ ಹಿಮಾಲಯದ ಪಿಥೋರಗಢದಲ್ಲಿ ವರ್ಷಗಟ್ಟಲೆ ಇದ್ದವರು, ಗುಡ್ಡ ಗೊತ್ತಿದ್ದವರು.

ಈಗ ಮನೆ ಮೂರು ಮೆಟ್ಟಿಲಾಗಿ ಇಳಿಯುತ್ತದೆ. ಒಂದೊಂದು ಮಟ್ಟ 12 ಅಡಿ ಅಗಲ, ನಡುವೆ ಮೂರೂವರೆ ಅಡಿಯ ಇಳಿತ. ಎಲ್ಲೂ 4 ಅಡಿಗಿಂತ ಜಾಸ್ತಿ ಕಡಿದಿಲ್ಲ. ಕೆಳಗಿನ ಮಟ್ಟ ಪಿಲ್ಲರ್ ಮೇಲಿದೆ. ಜಲದ ದಾರಿಗೆ 5 ಅಡಿ ಬಿಟ್ಟು ಮನೆಯನ್ನು ಎರಡು ಭಾಗ ಮಾಡಿದೆವು, ನಡುವೆ ಸಣ್ಣ ಸೇತುವೆಯಂಥ ಜಗಲಿ. ಕಾರು ಮೇಲೆ ರಸ್ತೆಯಲ್ಲೇ ನಿಲ್ಲುತ್ತದೆ. ಅಮ್ಮನಿಗೆ ಮಂಡಿನೋವು. ಹಾಗಾಗಿ ಅಡುಗೆಮನೆ, ಅವಳ ಕೋಣೆ, ಬಚ್ಚಲು ಎಲ್ಲ ಮೇಲಿನ ಮಟ್ಟದಲ್ಲೇ ಇವೆ, ರಸ್ತೆಯಿಂದ ಅಲ್ಲಿಗೆ ಮೆಟ್ಟಿಲಿಲ್ಲದ ದಾರಿ. ಮೆಟ್ಟಿಲು ಮನೆ ವಯಸ್ಸಾದವರಿಗೆ ಕಷ್ಟ ಅನ್ನುವ ಮಾತು ನಿಜ. ಅದನ್ನು ನಕ್ಷೆ ಹಾಕುವಾಗಲೇ ಯೋಚಿಸಬೇಕು.

ಪೂರ್ತಿ ಗಾಜಿನ ಗೋಡೆಯ ಆಸೆ ನನಗೂ ಇತ್ತು. ಆದರೆ ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಪಡುವಣದಿಂದ ಅಡ್ಡಕ್ಕೆ ಹೊಡೆಯುತ್ತದೆ. ಇರಚಲು ತಡೆಯಲು 4 ಅಡಿ ಸೂರು ಬಿಟ್ಟು, ಜಗಲಿಯ ಒಳಗೆ ಕಿಟಕಿ ಇಟ್ಟೆವು. ಕೂತು ನೋಡಿದರೆ ಕಣಿವೆ ಪೂರ್ತಿ ಕಾಣುತ್ತದೆ. ಬೂಷ್ಟು ಹಿಡಿದಿಲ್ಲ. ಮಾಡಿನಿಂದ ಧರೆಯ ಕಡೆಗೆ ಬೀಳುವ ನೀರಿಗೆ ಮಾತ್ರ ದಂಬೆ (ಸೂರಿನ ಅಂಚಿನ ನೀರಿನ ಕಾಲುವೆ) ಹಾಕಲೇಬೇಕು, ಇಲ್ಲದಿದ್ದರೆ ಅದು ಮನೆಯ ಬೆನ್ನಿಗೇ ಇಳಿಯುತ್ತದೆ.

ಇದೆಲ್ಲ ಹಳೆ ಕಾಲಕ್ಕೆ ಹೋಗುವ ಮಾತಲ್ಲ. ಮಂಗಳೂರು ಹಂಚನ್ನು ನಾವು ಅಜ್ಜನ ಕಾಲದ್ದು ಅಂತೀವಲ್ವಾ? ಅದೂ ಒಂದು ಕಾಲಕ್ಕೆ ಹೊಸದು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮ ಮಳೆಗೆ ಒಗ್ಗಿತು, ನಮ್ಮದಾಯಿತು. ಶ್ರೀಲಂಕಾದಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ 1990ರ ದಶಕದಲ್ಲಿ ಕಟ್ಟಿದ ಕಂಡಲಮ ಹೋಟೆಲು ಸುಮ್ನೆ ಒಮ್ಮೆ ಹುಡುಕಿ ನೋಡಿ. ಅದು ಅಪ್ಪಟ ಕಾಂಕ್ರೀಟು, ದೊಡ್ಡ ಕಟ್ಟಡ. ಬಂಡೆಯ ಮೈಗುಂಟ ಕಂಬಗಳ ಮೇಲೆ ನಿಂತಿದೆ. ಗುಡ್ಡದ ಮಳೆನೀರು ಅದರ ಅಡಿಯಲ್ಲೇ ಹರಿದು ಹೋಗುತ್ತದೆ. ಬಳ್ಳಿಗಳು ಹಬ್ಬಿ ದೂರದಿಂದ ಕಾಡಿನಂತೆಯೇ ಕಾಣುತ್ತದೆ. ಬಳ್ಳಿಗೆ ಮುಂಚೆ ಬಾವಾ ನೀರಿಗೆ ದಾರಿ ಬಿಟ್ಟಿದ್ದರು, ನನಗೆ ಅದು ಮುಖ್ಯ.

ಧರೆಗೆ ಲಾವಂಚ ನೆಟ್ಟಿದ್ದೇವೆ, ಚೆನ್ನಾಗಿ ಬೇರು ಬಿಟ್ಟಿದೆ. ಗುಡ್ಡದಲ್ಲಿ ಜಾಗ ತಗೊಂಡವರು, ತಗೊಳ್ಳುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ನಮ್ಮ ನಕ್ಷೆ ಕಳಿಸುತ್ತೇನೆ. ನೋಡಬೇಕು ಅಂದರೆ ಆಶ್ಲೇಷ ಮಳೆಯಲ್ಲೇ ಬನ್ನಿ. ಆಗ ಸೇತುವೆ ಜಗಲಿಯಲ್ಲಿ ಕೂತರೆ ಕಾಲಡಿಯಲ್ಲಿ ಜಲ ಹರಿಯುವ ಸದ್ದು ಕೇಳುತ್ತದೆ.