ಸ್ಪಷ್ಟನೆ: ‘ಅಹಾ ಹಾ’ ಕಣಜದ ಹೆಸರು ರದ್ದಾಗಿಲ್ಲ

ತಮಾಷೆಗೆ ಇಟ್ಟ ವೈಜ್ಞಾನಿಕ ಹೆಸರುಗಳನ್ನೆಲ್ಲ ರದ್ದು ಮಾಡಲಾಗುತ್ತಿದೆ, ಆಸ್ಟ್ರೇಲಿಯಾದ ‘ಅಹಾ ಹಾ’ ಎಂಬ ಕಣಜದ ಹುಳುವೂ ಹೆಸರು ಕಳೆದುಕೊಂಡಿದೆ ಎಂಬ ಸಂದೇಶ ಹರಿದಾಡುತ್ತಿದೆ. ಅದು ಸುಳ್ಳು. ಕೀಟತಜ್ಞ ಆರ್ನಾಲ್ಡ್ ಮೆಂಕೆ 1977ರಲ್ಲಿ ಇಟ್ಟ ಆ ಹೆಸರು ಈಗಲೂ ಊರ್ಜಿತ.

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಹೆಸರು ಸೂಕ್ತವಾಗಿಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಅದರ 18ನೇ ವಿಧಿಯೇ ಹೇಳುತ್ತದೆ. ಮುಖ್ಯವಾಗಿ ಬೇಕಾದದ್ದು ಇಷ್ಟು: ಲ್ಯಾಟಿನ್ ಲಿಪಿ, ಕನಿಷ್ಠ ಎರಡಕ್ಷರ, ಜೀವಿಯನ್ನು ಬೇರ್ಪಡಿಸಿ ತೋರಿಸುವ ಪ್ರಕಟಿತ ವಿವರಣೆ, 1999ರ ನಂತರದ ಹೊಸ ಪ್ರಭೇದಗಳಿಗಾದರೆ ಗುರುತಿಸಿಟ್ಟ ಮಾದರಿ ಕೂಡ. ‘ಅಹಾ ಹಾ’ದ ಎರಡನೇ ಪದಕ್ಕೆ ಲ್ಯಾಟಿನ್ ಲಿಪಿಯಲ್ಲಿ (ha) ಎರಡೇ ಅಕ್ಷರ, ಕಷ್ಟಪಟ್ಟು ಪಾಸಾಗಿದೆ!

ಹೆಸರುಗಳು ಬೀಳುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. 1799ರಲ್ಲಿ ಜಾರ್ಜ್ ಶಾ ಬಾತುಕೊಕ್ಕಿನ ಸಸ್ತನಿಯ ಕುಲಕ್ಕೆ (ವೈಜ್ಞಾನಿಕ ಹೆಸರಿನ ಮೊದಲ ಪದ) ‘ಪ್ಲಾಟಿಪಸ್’ ಎಂದು ಗಂಭೀರವಾಗಿಯೇ ಹೆಸರಿಟ್ಟರು. ಆದರೆ 1793ರಲ್ಲೇ ಒಂದು ಜೀರುಂಡೆ ಆ ಹೆಸರು ಪಡೆದಾಗಿತ್ತು. ಪ್ರಾಣಿಲೋಕದಲ್ಲಿ ಎರಡು ಕುಲಗಳಿಗೆ ಒಂದೇ ಹೆಸರಿರುವಂತಿಲ್ಲ. ಹಾಗಾಗಿ ಸಸ್ತನಿ ಈಗ ‘ಆರ್ನಿಥೊರಿಂಕಸ್’. ಸಸ್ಯಗಳಿಗೆ ಬೇರೆ ಸಂಹಿತೆ, ಅಲ್ಲಿನ ಹೆಸರು ಇಲ್ಲಿ ಅಡ್ಡಿಯಾಗದು.

ವಿಜ್ಞಾನಿ ಜೀವಿಗೆ ತನ್ನದೇ ಹೆಸರಿಡುವುದಕ್ಕೂ ನಿಷೇಧವಿಲ್ಲ, ಆದರೆ ಸಹೋದ್ಯೋಗಿಗಳು ಮೂಗು ಮುರಿಯುತ್ತಾರೆ. ಯಾರನ್ನೂ ನೋಯಿಸುವ ಹೆಸರು ಬೇಡ ಎಂಬುದು ಸಂಹಿತೆಯ ಸಲಹೆ ಮಾತ್ರ.